ದೀಪ ಮುಟ್ಟಿ ಹೇಳಿದ ಮಾತು

ಸರೋಜಿನಿ ನಗರ, ನವದೆಹಲಿ
ಶನಿವಾರ, ನವೆಂಬರ್ ೮

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕುಂದಾಪುರದ ಸೆಖೆ ನಿನಗೆ ಒಗ್ಗಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಇಂದಿರಮ್ಮ ಅತ್ತೆಯ ಕುಚ್ಚಲಕ್ಕಿ ಗಂಜಿ ಮೂರು ಹೊತ್ತೂ ನಿನ್ನ ಗಂಟಲಲ್ಲಿ ಇಳಿಯುತ್ತಿದೆ ಎಂದು ನಮ್ಮ ದೋಸೆ ಭಟ್ಟ ಪವನನ ಊರಿನ ಮನೆಯವರಿಂದ ಗೊತ್ತಾಯಿತು. ಚೋಲೆ ಭಟೂರೆ ಇಲ್ಲದೆ ಭಾನುವಾರ ಕಳೆಯದವನು ನೀನು, ಪಾಪ. ಇಲ್ಲಿ ಹೊಗೆಯ ಕಾಲ ಶುರುವಾಗಿದೆ. ಅಮ್ಮ ಬೆಳಿಗ್ಗೆ ಎದ್ದಕೂಡಲೇ ಕೆಮ್ಮುತ್ತಾಳೆ, ಕೆಮ್ಮು ನಿಂತಮೇಲೆ ನಿನ್ನ ಸುದ್ದಿ ಎತ್ತುತ್ತಾಳೆ. ಅಪ್ಪನ ಬಿಪಿ ಹತೋಟಿಯಲ್ಲಿದೆ ಎಂದು ಅಪ್ಪನೇ ಹೇಳುತ್ತಾರೆ, ಡಾಕ್ಟರು ಹೇಳಿಲ್ಲ. ಫೋನು ಮುಟ್ಟಬೇಡ ಎಂದು ವಕೀಲರು ನಿನಗೆ ಹೇಳಿದ್ದರಿಂದ ನಾನು ಪೆನ್ನು ಹಿಡಿಯಬೇಕಾಯಿತು. ನನ್ನ ಅಕ್ಷರ ನೋಡಿ ನಗಬೇಡ ಮಾರಾಯ. ನಮ್ಮ ಹೋಟೆಲಿನ ಹಿಂದಿನ ಟೇಬಲಿನಲ್ಲಿ ಕೂರಿಸಿ ಅಮ್ಮ ಅಕ್ಷರ ತಿದ್ದಿಸುವಾಗ ‘ಳ’ ಬರೆಯಲಾರದೆ ಅತ್ತವನು ನೀನೇ ಹೊರತು ನಾನಲ್ಲ. ಪವನ್ ನಾಳೆ ಬೆಳಿಗ್ಗೆ ರಜೆಯ ಮೇಲೆ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲೇ ಇದನ್ನು ಕಳುಹಿಸುತ್ತಿದ್ದೇನೆ.

ನನ್ನ ಎಂ.ಎ. ಪ್ರಬಂಧ ಮುಗಿಯುತ್ತಾ ಬಂದಿದೆ. ‘ಸಾವಿರ ವರ್ಷದ ಹಿಂದೆ ಸತ್ತ ಗೋರಾಗಳ ಜಗಳ ಓದಿ ನೀನು ಯಾರಿಗೆ ಇಡ್ಲಿ ಬಡಿಸುತ್ತೀ’ ಎಂದು ನೀನು ಕೆಣಕುತ್ತಿದ್ದೆಯಲ್ಲ, ಅದೇ ಪ್ರಬಂಧ. ಮಧ್ಯಯುಗದ ಯುರೋಪಿನಲ್ಲಿ ಅಧಿಕಾರ, ಧರ್ಮ, ಹಿಂಸೆ ಎಂದು ದೊಡ್ಡ ಹೆಸರು ಇಟ್ಟುಕೊಂಡು ಕೂತಿದ್ದೆ. ಮೊದಲೆಲ್ಲ ನನಗೂ ಅದು ದೂರದ ಮಾತೇ ಆಗಿತ್ತು. ಪರೀಕ್ಷೆಗೆ ಬೇಕಾದಷ್ಟು ಓದಿ, ಲೈಬ್ರರಿಯಿಂದ ಹೊರಬಂದು ಮೆಟ್ರೋ ಹತ್ತಿದರೆ ಮುಗಿಯಿತು. ಈಗ ಮುಗಿಯುವುದಿಲ್ಲ. ಮೆಟ್ರೋ ಇಳಿದು ನಮ್ಮ ಗಲ್ಲಿಗೆ ತಿರುಗಿದಾಗ ಮೂಲೆಯಲ್ಲಿ ಶಕೀಲ್ ಭಯ್ಯಾನ ಆಮ್ಲೆಟ್ ಗಾಡಿ ನಿಲ್ಲುತ್ತಿದ್ದ ಜಾಗ ಕಾಣುತ್ತದೆ, ಓದಿದ್ದೆಲ್ಲ ಅಲ್ಲಿಗೆ ಬಂದು ನಿಲ್ಲುತ್ತದೆ.

ಒಂದು ಸಂಗತಿ ಹೇಳುತ್ತೇನೆ, ಬೇಸರಿಸದೆ ಓದು. ಸಾವಿರದ ತೊಂಬತ್ತಾರನೇ ಇಸವಿಯಲ್ಲಿ ಜೆರುಸಲೇಮಿಗೆ ಧರ್ಮಯುದ್ಧಕ್ಕೆಂದು ಜನ ಹೊರಟರು. ರೈನ್ ನದಿಯ ದಡದ ಊರುಗಳಿಗೆ ಬಂದಾಗ ಅವರಲ್ಲಿ ಒಂದು ಗುಂಪಿಗೆ ಅನ್ನಿಸಿತಂತೆ, ಶತ್ರುವನ್ನು ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋಗಬೇಕು, ಬೇರೆ ದೇವರಿಗೆ ನಡೆದುಕೊಳ್ಳುವವರು ಇಲ್ಲೇ ಇದ್ದಾರಲ್ಲ. ಯಹೂದಿಗಳ ಮನೆಗಳಿಗೆ ನುಗ್ಗಿದರು. ಊರಬಾಗಿಲು ತೆರೆದುಕೊಟ್ಟವರು ಅದೇ ಊರಿನವರು, ದಿನಾ ಅವರ ಜೊತೆ ವ್ಯಾಪಾರ ಮಾಡಿದವರು. ಭಾಷಣ ಮಾಡಿ ಜನರನ್ನು ಹೊರಡಿಸಿದ ದೊಡ್ಡವರು ಯಾರೂ ಆ ಹೊತ್ತಿಗೆ ಆ ಬೀದಿಯಲ್ಲಿ ಇರಲಿಲ್ಲ. ಅದನ್ನು ಓದುವಾಗ ನನಗೆ ಮೆರವಣಿಗೆಯ ದಿನ ನಮ್ಮ ಗಲ್ಲಿಯಲ್ಲಿ ಯಾರೋ ತೆಗೆದ ವಿಡಿಯೋ ನೆನಪಾಯಿತು. ಟೆಂಪೋ ಮೇಲೆ ಮೈಕ್ ಹಿಡಿದು ಕೂಗಿದವನು ಅದರಲ್ಲಿ ಎಲ್ಲಿಯೂ ಇಲ್ಲ. ಇರುವುದು ಬೆನ್ನು ತೋರಿಸಿ ನಿಂತ ಹತ್ತಾರು ಹುಡುಗರು. ಅವರಲ್ಲಿ ಒಬ್ಬನದು ಹಳದಿ ಅಂಗಿ.

ಆ ಅಂಗಿಯನ್ನು ಆ ರಾತ್ರಿ ಹೋಟೆಲಿನ ಅಡುಗೆಮನೆಯ ನಲ್ಲಿಯ ಕೆಳಗೆ ನೀನೇ ತೊಳೆದೆ. ಹುಟ್ಟಿದಂದಿನಿಂದ ಒಂದು ಕರವಸ್ತ್ರ ತೊಳೆದವನಲ್ಲ. ಹಸಿ ಮೊಟ್ಟೆಯ ವಾಸನೆ ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. “ನಾನು ಹೊಡೆಯಲಿಲ್ಲ ನಿರೀ, ಸುಮ್ಮನೆ ನಿಂತಿದ್ದೆ,” ಎಂದೆ ನೀನು. ಅಂಗಿ ಹಿಂಡಿ ಆದಮೇಲೆ, “ಗಾಡಿಗೆ ಒಂದು ಕೈ ಹಾಕಿದೆ ಅಷ್ಟೆ,” ಎಂದೆ. ಆ ಗಾಡಿಯೇ ಶಕೀಲ್ ಭಯ್ಯಾನ ಕಾಲಿನ ಮೇಲೆ ಬಿದ್ದದ್ದು, ಕುದಿಯುವ ಎಣ್ಣೆಯ ಸಮೇತ. ಶಾಲೆ ಬಿಟ್ಟು ಬರುವಾಗ ಅಮ್ಮನಿಗೆ ಗೊತ್ತಾಗದಂತೆ ನಮಗೆ ಬನ್ ಆಮ್ಲೆಟ್ ಮಾಡಿಕೊಟ್ಟು, ಬಾಯಿ ತೊಳೆದುಕೊಂಡು ಹೋಗಿ ಎಂದು ಜಗ್ಗಿನಲ್ಲಿ ನೀರು ಕೊಡುತ್ತಿದ್ದ ಮನುಷ್ಯ. ಮೆರವಣಿಗೆಯ ದಿನ ಗಾಡಿ ಹಾಕಿದ್ದೇ ಅವನ ತಪ್ಪಾಯಿತು. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಈ ಸುದ್ದಿ ನಿನಗೆ ತಲುಪಿಸಬಾರದೆಂದು ಅಮ್ಮ ಎಲ್ಲರಿಗೂ ತಾಕೀತು ಮಾಡಿದ್ದಾಳೆ. ನಾನು ತಲುಪಿಸುತ್ತಿದ್ದೇನೆ. ನನ್ನ ಮೇಲೆ ಸಿಟ್ಟು ಬಂದರೆ ಬರಲಿ.

ನಾನು ಓದುವ ಕಾಲದಲ್ಲಿ ಇದಕ್ಕೆಲ್ಲ ಒಂದು ಲೆಕ್ಕ ಇತ್ತು. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರಲ್ಲ, ಪೋಪನೇ ಬಾವುಟ ಕೊಟ್ಟು ಹರಸಿದ ಯುದ್ಧ ಅದು ಎನ್ನುತ್ತಾರೆ. ಗೆದ್ದಮೇಲೆ ಹಾರ ಹಾಕಬೇಕು ತಾನೇ? ಅವರ ಬಿಷಪ್ಪರು ಗೆದ್ದ ಸೈನಿಕರಿಗೇ ಪ್ರಾಯಶ್ಚಿತ್ತ ವಿಧಿಸಿದರು. ಕೊಂದವನಿಗೆ ಕೊಂದ ತಲೆಗೊಂದು ವರ್ಷ. ಬಾಣ ಬಿಟ್ಟು ಅದು ಯಾರಿಗೆ ತಗುಲಿತೋ ಗೊತ್ತಿಲ್ಲದವನಿಗೂ ಉಪವಾಸ ತಪ್ಪಲಿಲ್ಲ. ಯಾರನ್ನೂ ಹೊಡೆಯದೆ, ಹೊಡೆಯಬೇಕೆಂದು ಮನಸ್ಸಿನಲ್ಲಿ ಬಯಸಿದವನಿಗೂ ಕೆಲವು ದಿನ ಇತ್ತು. ಓದಿ ನಾನು ಪುಸ್ತಕ ಮುಚ್ಚಿ ಕೂತುಬಿಟ್ಟೆ. ಅವರು ಒಳ್ಳೆಯವರೆಂದು ನಾನು ಹೇಳುತ್ತಿಲ್ಲ. ಅದೇ ಜನ ಊರೂರು ಸುಟ್ಟವರು. ಆದರೆ ಗೊತ್ತಿಲ್ಲದೆ ಆಯಿತು, ಗುಂಪಿನಲ್ಲಿ ಆಯಿತು, ಯಾರ ಕೈಯೋ ಏನೋ ಎಂದು ಹೇಳಿ ಎದ್ದುಹೋಗಲು ಆ ಕಾಲದವರೂ ಬಿಡಲಿಲ್ಲವಲ್ಲ ಎಂದು ನನಗೆ ತುಂಬ ಹೊತ್ತು ಅನ್ನಿಸುತ್ತಿತ್ತು. ನೀನು ಹಾಕಿದ್ದು ಒಂದೇ ಕೈ ಇರಬಹುದು. ಗಾಡಿ ಬಿದ್ದದ್ದು ಅಂಥ ಒಂದೊಂದೇ ಕೈಗಳಿಂದ.

ಈಗ ಅಪ್ಪನ ವಿಷಯ. ಆ ಸಂಜೆ ಮೆರವಣಿಗೆ ಎಂದು ಕೆಲಸದವರಿಗೆಲ್ಲ ರಜೆ ಕೊಟ್ಟು, ಹೋಟೆಲನ್ನು ನಿನಗೆ ಒಪ್ಪಿಸಿ ಅಪ್ಪ ಐಎನ್‌ಎ ಮಾರ್ಕೆಟ್ಟಿಗೆ ತೆಂಗಿನಕಾಯಿ ತರಲು ಹೋಗಿದ್ದರು. ನಾನು ಕಾಲೇಜಿನಿಂದ ಬಂದಾಗ ಅರ್ಧ ಶಟರ್ ಎಳೆದಿತ್ತು, ನೀನಿರಲಿಲ್ಲ. ಮುಸ್ಸಂಜೆ ಆಗಿತ್ತು, ಗಲ್ಲಾ ಮೇಲಿನ ದೀಪ ಹಚ್ಚಿರಲಿಲ್ಲ. ನಮ್ಮ ಹೋಟೆಲಿನ ಪದ್ಧತಿ ನಿನಗೇನು ಹೇಳುವುದು. ಮುಂದೆ ಹೋಟೆಲಿನ ಗಲ್ಲಾ ಹಿಡಿಯಬೇಕಾದವನೇ ಸಂಜೆ ದೀಪ ಹಚ್ಚಬೇಕು, ಹಚ್ಚಿದವನು ಹೋಟೆಲು ಮುಚ್ಚುವ ತನಕ ಹೊಸ್ತಿಲು ದಾಟಬಾರದು ಎಂದು ಅಜ್ಜ ಮಾಡಿದ ನಿಯಮ. ನಿನಗೆ ಮೀಸೆ ಬಂದ ವರ್ಷ ಅಪ್ಪ ಆ ಕೆಲಸ ನಿನಗೆ ಬಿಟ್ಟುಕೊಟ್ಟರು, ಮತ್ತೆ ಒಂದು ದಿನವೂ ತಾವು ಮುಟ್ಟಲಿಲ್ಲ. ನಾನು ಕೃಷ್ಣನ ಫೋಟೋದ ಹಿಂದೆ ಕೈಹಾಕಿ ಬೆಂಕಿಪೊಟ್ಟಣ ಹುಡುಕಿ ದೀಪ ಹಚ್ಚಿದೆ. ಹಚ್ಚದಿದ್ದರೆ ಅಪ್ಪ ಬಂದು ನಿನ್ನನ್ನು ಬೈಯುತ್ತಾರೆ ಎಂಬುದಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಹಚ್ಚಿ ಮೇಲೆ ಮನೆಗೆ ಹೋದೆ, ಆಮೇಲೆ ನಲ್ಲಿಯ ಸದ್ದು ಕೇಳಿ ಕೆಳಗೆ ಬಂದಾಗಲೇ ನಿನ್ನನ್ನು ಕಂಡದ್ದು. ಅಪ್ಪ ತೆಂಗಿನಕಾಯಿ ಚೀಲ ಇಳಿಸಿ ನೋಡಿದಾಗ ದೀಪ ಉರಿಯುತ್ತಿತ್ತು, ನೀನು ಒಳಗೆ ನಲ್ಲಿಯ ಹತ್ತಿರ ಇದ್ದೆ. ಅಷ್ಟೇ ಸಾಕಾಯಿತು ಅವರಿಗೆ.

ಪೊಲೀಸರು ಬಂದು ಕೇಳಿದಾಗ ಅಪ್ಪ ಆ ದೀಪದ ಮೇಲೆ ಅಂಗೈ ಹಿಡಿದು ಹೇಳಿದರು: “ಮಗ ಇಲ್ಲೇ ಇದ್ದ. ಈ ದೀಪ ಅವನೇ ಹಚ್ಚಿದ್ದು. ಹಚ್ಚಿದವನು ಹೊರಗೆ ಹೋಗುವುದಿಲ್ಲ.” ಇನ್‌ಸ್ಪೆಕ್ಟರಿಗೆ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿದರು. ಕೈ ತೆಗೆಯಲಿಲ್ಲ. ನಾನು ಆ ಕಾಲದ ಕಾದ ಕಬ್ಬಿಣದ ದಿವ್ಯಪರೀಕ್ಷೆಯ ಬಗ್ಗೆ ಅಧ್ಯಾಯವನ್ನೇ ಬರೆದವಳು. ಆರೋಪ ಹೊತ್ತವನಿಗೆ ಕೆಂಪಗೆ ಕಾದ ಕಬ್ಬಿಣ ಹಿಡಿಸಿ, ಕೈಗೆ ಬಟ್ಟೆ ಕಟ್ಟಿ, ಮೂರನೇ ದಿನ ಬಿಚ್ಚಿ ನೋಡುತ್ತಿದ್ದರು. ಗಾಯ ಮಾಗಿದ್ದರೆ ನಿರಪರಾಧಿ. ಎದುರಿಗೆ ನನ್ನ ಅಪ್ಪನ ಕೈ ಇತ್ತು, ದೀಪ ಹಚ್ಚಿದವಳು ನಾನು ಎಂಬುದನ್ನು ನಾನು ಮುಚ್ಚಿಟ್ಟೆ. ಅಪ್ಪ ಸುಳ್ಳು ಹೇಳಲಿಲ್ಲ ಅಣ್ಣ. ತಾವು ನಂಬಿದ್ದನ್ನು ಹೇಳಿದರು. ಅದು ನನ್ನನ್ನು ಇನ್ನೂ ಸುಡುತ್ತಿದೆ.

ಹೋದ ವಾರ ಶಕೀಲ್ ಭಯ್ಯಾನ ಹೆಂಡತಿ ಹೋಟೆಲಿಗೆ ಬಂದಿದ್ದಳು. ನಾನು ಗಲ್ಲಾದಲ್ಲಿದ್ದೆ. ಕೂರಲು ಹೇಳಿದರೂ ಕೂರಲಿಲ್ಲ. ವಿಡಿಯೋದ ಹಳದಿ ಅಂಗಿ ಲತೇಶನದು, ನಿನ್ನದೇ ಎಂದು ತನಗೆ ಅನುಮಾನ ಬಂದಿತ್ತೆಂದೂ, ಅಪ್ಪ ದೀಪ ಮುಟ್ಟಿ ಹೇಳಿದ್ದನ್ನು ಪೊಲೀಸರಿಂದ ಕೇಳಿದಮೇಲೆ ಅನುಮಾನ ಬಿಟ್ಟೆನೆಂದೂ ಹೇಳಿದಳು. “ವಿಠಲ್‌ಜೀ ಝೂಠ್ ನಹೀಂ ಬೋಲ್ತೇ. ಮುಝೇ ಮಾಫ್ ಕರ್ ದೀಜಿಯೇ,” ಎಂದು ಅಪ್ಪನ ಮುಂದೆ ಕೈಮುಗಿದಳು. ಅಪ್ಪ ಸುಳ್ಳಾಡುವವರಲ್ಲವಂತೆ, ಅನುಮಾನಪಟ್ಟದ್ದಕ್ಕೆ ಅವಳೇ ಕ್ಷಮೆ ಕೇಳಿದಳು. ಅಪ್ಪ ಅವಳಿಗೆ ಇಡ್ಲಿ ಕಟ್ಟಿಸಿ ಕೊಟ್ಟರು. ನನಗೆ ಅಲ್ಲಿ ನಿಲ್ಲಲಾಗದೆ ಅಡುಗೆಮನೆಗೆ ಹೋಗಿ ಅತ್ತೆ. ಈರುಳ್ಳಿ ಎಂದೆ ಪವನನಿಗೆ.

ಹದಿನೇಳನೇ ತಾರೀಖು, ಸೋಮವಾರ, ಮ್ಯಾಜಿಸ್ಟ್ರೇಟರ ಮುಂದೆ ನನ್ನ ಹೇಳಿಕೆ. ನೀನು ಹೋಟೆಲಿನಲ್ಲಿದ್ದೆ ಎಂದು ಒಂದು ಮಾತು ಹೇಳಿಬಿಟ್ಟರೆ ನನ್ನ ಗಂಟೇನು ಹೋಗುತ್ತದೆ ಎಂದು ಅಮ್ಮ ದಿನಾ ನನ್ನ ತಟ್ಟೆಯ ಮುಂದೆ ಕೂತು ಕೇಳುತ್ತಾಳೆ. ಮಧ್ಯಯುಗದಲ್ಲಿ ಇದಕ್ಕೂ ಒಂದು ಪದ್ಧತಿ ಇತ್ತು. ಆರೋಪ ಹೊತ್ತವನು ಪ್ರಮಾಣ ಮಾಡಬೇಕು, ಅವನ ಬಂಧುಬಳಗ ಪಕ್ಕದಲ್ಲಿ ನಿಂತು, ಇವನ ಪ್ರಮಾಣ ಶುದ್ಧ ಎಂದು ತಾವೂ ಪ್ರಮಾಣ ಮಾಡಬೇಕು. ಅವರು ಏನನ್ನೂ ಕಂಡಿರಬೇಕೆಂದಿಲ್ಲ, ಅವನನ್ನು ನಂಬಿದರೆ ಸಾಕು. ಬೇಕಾದಷ್ಟು ಜನ ಸೇರಿದರೆ ಅವನು ಬಿಡುಗಡೆ. ಹಾಗಾಗಿ ನೆಂಟರಿದ್ದವನು ಉಳಿದ, ಇಲ್ಲದವನು ಕೆಟ್ಟ. ಶಕೀಲನ ಕಡೆ ನಿಲ್ಲಲು ಒಬ್ಬ ಹೆಂಡತಿ ಇದ್ದಾಳೆ, ಅವಳನ್ನೂ ನಾವು ನಮ್ಮ ಕಡೆಗೆ ಎಳೆದುಕೊಂಡುಬಿಟ್ಟೆವು. ಅಪ್ಪನ ಹೆಸರಿನ ಬಲದಿಂದ.

ನಾನು ಆ ಮಾತು ಹೇಳಲಾರೆ ಅಣ್ಣ. ಜ್ವರ ಬಂದಾಗಲೆಲ್ಲ ನನ್ನನ್ನು ಬೆನ್ನಿಗೆ ಹಾಕಿಕೊಂಡು ಸಫ್ದರ್‌ಜಂಗ್ ಆಸ್ಪತ್ರೆಗೆ ಓಡಿದವನು ನೀನು. ನಿನ್ನನ್ನು ಜೈಲಿಗೆ ಕಳಿಸಲು ನನಗೆ ಆಸೆಯೇ? ಆದರೆ ಕೇಳಿದರೆ ದೀಪ ಹಚ್ಚಿದವಳು ನಾನೇ ಎನ್ನುತ್ತೇನೆ. ಅದಕ್ಕೆ ಮೊದಲು ನೀನೇ ಬಾ. ಬಂದು ನಿನ್ನ ಬಾಯಲ್ಲೇ ಹೇಳು, ಗಾಡಿಗೆ ಕೈ ಹಾಕಿದೆ ಎಂದು, ಮೈಕ್ ಹಿಡಿದವನು ಯಾರು ಎಂದು. ನೀನು ಹೇಳಿದರೆ ಅಪ್ಪ ಮೋಸಹೋದ ಅಪ್ಪನಾಗುತ್ತಾರೆ. ನೀನು ಹೇಳದೆ ನಾನು ಹೇಳಿದರೆ ಅಪ್ಪ ದೀಪ ಮುಟ್ಟಿ ಸುಳ್ಳಾಡಿದವರಾಗುತ್ತಾರೆ, ಈ ಮಾರ್ಕೆಟ್ಟಿನಲ್ಲಿ ತಲೆ ಎತ್ತಲಾರರು. ಅಪ್ಪನಿಗೆ ಇದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ನೀನು ಬಂದರೆ ಇಬ್ಬರೂ ಸೇರಿ ಹೇಳೋಣ. ಸಣ್ಣವರಿದ್ದಾಗ ಹೂಜಿ ಒಡೆದು ಇಬ್ಬರೂ ಒಟ್ಟಿಗೆ ಹೋಗಿ ನಿಂತೆವಲ್ಲ, ಹಾಗೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಅವರು ಹಾಕಿದ ಗಂಜಿ ಬಿಡದೆ ಉಣ್ಣು, ಮೈ ನೋಡಿಕೋ. ದೇವರು ನಿನಗೆ ಒಳ್ಳೆಯ ಬುದ್ಧಿಯನ್ನೂ ಅದಕ್ಕೆ ಬೇಕಾದ ಗಟ್ಟಿ ಎದೆಯನ್ನೂ ಕೊಡಲಿ.

ನಿನ್ನ ಪ್ರೀತಿಯ ತಂಗಿ,
ನಿರೀಕ್ಷಾ

ಮರೆತ ಮಾತು: ಕವರ್ ಅಂಟಿಸುವಷ್ಟರಲ್ಲಿ ಅಪ್ಪ ಮೇಲೆ ಬಂದರು. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಿದ್ದೇ ತಡ, ನನಗೆ ಅಳು ಬಂತು, ಎಲ್ಲವನ್ನೂ ಹೇಳಿಬಿಟ್ಟೆ. ಅಪ್ಪ ಕೇಳಿದ್ದು ಒಂದೇ: “ಆವತ್ತು ದೀಪ ಹಚ್ಚಿದ್ದು ನೀನಾ ಮಗಾ?” ಹೌದೆಂದೆ. ದೀಪದ ಮೇಲೆ ಹಿಡಿದಿದ್ದ ಅಂಗೈ ನೋಡಿಕೊಂಡರು. “ಹದಿನೇಳಕ್ಕೆ ನಿನಗಿಂತ ಮೊದಲು ನಾನು ಹೋಗಿ ನನ್ನ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ, ಮಗಳ ಕೈಯಲ್ಲಿ ತೆಗೆಸುವುದಿಲ್ಲ,” ಎಂದು ನನಗೆ ಹೇಳಿದರು. ನಾಳೆ ಶಕೀಲನ ಮನೆಗೂ ಹೋಗುತ್ತಾರಂತೆ. ಈಗ ಕೆಳಗೆ ಟ್ಯೂಬ್‌ಲೈಟ್ ಹಾಕಿ ಹೋಟೆಲು ನಡೆಸುತ್ತಿದ್ದಾರೆ, ಗಿರಾಕಿಗಳಿಗೆ ಏನೂ ಗೊತ್ತಿಲ್ಲ. ಗಲ್ಲಾ ಮೇಲಿನ ದೀಪ ಮಾತ್ರ ಹಚ್ಚಿಲ್ಲ. ನೀನು ಹೋದಮೇಲೆ ದಿನಾ ಹಚ್ಚುವ ಅಮ್ಮ ಇವತ್ತು ಹಚ್ಚಲು ಹೋದಾಗ ಬೇಡವೆಂದರು, ನನಗೂ ಬೇಡವೆಂದರು. ಪವನ್ ಬಂದು ಚೀಲ ಕಟ್ಟುತ್ತಿದ್ದಾನೆ, ಅವಸರ ಮಾಡುತ್ತಿದ್ದಾನೆ. ಪತ್ರದ ಜೊತೆ ಒಂದು ಬೆಂಕಿಪೊಟ್ಟಣ ಇದೆ, ಕೃಷ್ಣನ ಫೋಟೋದ ಹಿಂದಿನದು. ಅಪ್ಪ ಕೊಟ್ಟದ್ದು. ನಿನಗೆ ಕೊಡಲು ಹೇಳಿದರು, ನೀನು ಬರುವ ತನಕ ಆ ದೀಪ ಹಚ್ಚುವುದಿಲ್ಲವಂತೆ.