ಬಾಟಲಿಯ ತಳದ ಹರಳು

ರೀ ಮಾಸ್ತರರೇ,

ಸುದ್ದಿ ನಾಲಿಗೆಯ ತುದಿಗೆ ಬಂದು ನಿಂತಿದೆ, ಆದರೆ ಈಗಲೇ ಹೇಳುವುದಿಲ್ಲ. ಶಾಲೆಯಲ್ಲಿ ನೀವೂ ಉತ್ತರವನ್ನು ಕೊನೆಗೇ ಹೇಳುತ್ತಿದ್ದಿರಲ್ಲ? ಸ್ವಲ್ಪ ಕಾಯಿರಿ. ನೀವು ಹೋಗುವ ಮುಂಚೆ ಹಾಕಿಟ್ಟ ಜಾಡಿಯ ವಿಷಯ ಎಂದಷ್ಟೇ ಈಗ ತಿಳಿದಿರಲಿ.

ನಮ್ಮೂರು ಕಕ್ಕೇರಾಕ್ಕೆ ಕಾಲುವೆ ನೀರು ಬಂದ ವರ್ಷ ನೆನಪಿದೆಯೇ? ಊರಿಗೆ ಊರೇ ಭತ್ತ ನಾಟಿತು. ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೀವು ಮಾತ್ರ ಹೈದರಾಬಾದಿನಿಂದ ಅನಾಬ್-ಎ-ಶಾಹಿ ದ್ರಾಕ್ಷಿ ಬಳ್ಳಿ ತಂದು ಹಿತ್ತಲಲ್ಲಿ ಹಚ್ಚಿದಿರಿ. ಚಪ್ಪರದ ತುಂಬ ಹಣ್ಣು ಜೋತುಬಿದ್ದಾಗ ಅತ್ತೆಯ ಉಪ್ಪಿನಕಾಯಿ ಜಾಡಿಗೇ ಕೈ ಹಾಕಿದಿರಿ. ವೈನ್ ಮಾಡುತ್ತೀರಂತೆ! ನಾನು ಹಣೆ ಚಚ್ಚಿಕೊಂಡೆ.

“ಮಾಸ್ತರ್ ಮನ್ಯಾಗ ಸೇಂದಿ ಅಂಗಡಿ ಇಟ್ಟಾರ ಅಂತಾರ್ರಿ ಮಂದಿ.”

“ಅಲ್ಲ ಹುಚ್ಚಿ, ಇದರಾಗ ಬಾಳಷ್ಟು ನೀರ ಇರ್ತದ. ಬಳ್ಳಿ ಕುಡದ ನಮ್ಮ ಕಾಲುವಿ ನೀರು. ಉಳದದ್ದು ಒಂದೀಟು ಆಲ್ಕೋಹಾಲು, ಒಂದೀಟು ಹುಳಿ, ಸಿಪ್ಪಿ-ಬೀಜದ ಒಗರು. ಅಷ್ಟ ನೋಡು.”

ಆ ಮೊದಲ ಜಾಡಿಯ ಗತಿ ಏನಾಯಿತು! ನೀವು ಶಾಲೆಗೆ ಹೋದಾಗ ಅತ್ತೆ ಮುಚ್ಚಳ ತೆಗೆದು ನೋಡಿದರು. ಬುರುಬುರು ನೊರೆ. ಅವರ ಅನುಭವದಲ್ಲಿ ಜಾಡಿಗೆ ನೊರೆ ಬಂತೆಂದರೆ ಉಪ್ಪು ಕಡಿಮೆಯಾಗಿದೆ ಎಂದೇ ಅರ್ಥ. ಕೈ ತೊಳೆದು, ದೇವರನ್ನು ನೆನೆದು, ಮುಷ್ಟಿಗಟ್ಟಲೆ ಉಪ್ಪು ಸುರಿದರು. ಸಂಜೆ ರುಚಿ ನೋಡಿದ ನಿಮ್ಮ ಮುಖ ನೋಡಿ ನಾನು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದ್ದೆ. “ಕೆಡಾಕತ್ತಿತ್ತಪ್ಪ, ನಾನಽ ಉಳಿಸೀನಿ” ಎಂದರು ಅತ್ತೆ. ನೀವು ಸಿಟ್ಟಾಗಲಿಲ್ಲ. ಅವರ ಪಕ್ಕ ಕುಳಿತು ಪಾಠ ಶುರು ಮಾಡಿದಿರಿ: ಕಣ್ಣಿಗೆ ಕಾಣದ ಯೀಸ್ಟು ಹಣ್ಣಿನ ಸಕ್ಕರೆ ತಿಂದು ಆಲ್ಕೋಹಾಲು ಮಾಡುತ್ತದೆ, ಆಗ ಹೊರಬರುವ ಗಾಳಿಯೇ ಈ ಗುಳ್ಳೆ. ಅತ್ತೆ ಎಲ್ಲ ಕೇಳಿ, “ಅಂದ್ರ ಒಳಗ ಜೀವ ಅದ ಅನ್ನು” ಎಂದರು.

ಮರುವರ್ಷದ್ದು ಗಾಳಿ ತಾಗಿ ವಿನೆಗರ್ ಆಯಿತು. ಹಸಿಮೆಣಸಿನಕಾಯಿ ನೆನೆಹಾಕಿ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. “ಒಮ್ಮೆ ಸರಿ ಆದ್ರ, ಚಳಿಗಾಲಕ್ಕ ತಳದಾಗ ಹುಳಿ ಹರಳುಗಟ್ಟತದ. ಗಾಜಿನ ಚೂರಿನಂಗ. ಅದನ್ನೊಮ್ಮೆ ನೋಡಬೇಕು ನಾ” ಎನ್ನುತ್ತಿದ್ದಿರಿ. ಹೋದ ವರ್ಷದವರೆಗೆ ನೀವು ಹಾಕಿದ ಒಂದು ಜಾಡಿಯೂ ಚಳಿಗಾಲ ಕಾಣಲಿಲ್ಲ.

ಈ ಬೇಸಿಗೆಯಲ್ಲಿ ಶಾಲೆಯಿಂದ ಬಂದು ನೀರು ಕೇಳಿದಿರಿ. ನಾನು ತರುವಷ್ಟರಲ್ಲಿ... ಅದು ಬೇಡ ಬಿಡಿ. ಜಾಡಿ ಇನ್ನೂ ನೊರೆಯುತ್ತಿತ್ತು. ಶಹಾಪುರದಿಂದ ಬಂದ ನಿಮ್ಮ ಕಾಕಾ ವಾಸನೆ ಹಿಡಿದು, “ಸತ್ತವನ ದಿನ ಮಾಡೋ ಮನ್ಯಾಗ ಇದೇನ್ ಹೊಲಸು? ತಿಪ್ಪಿಗಿ ಚೆಲ್ರಿ” ಎಂದರು. ಮೂಲೆಯಲ್ಲಿ ಮುದುಡಿದ್ದ ಅತ್ತೆ ಎದ್ದು ಬಂದು ಜಾಡಿಗೆ ಅಡ್ಡ ಕುಳಿತರು.

“ಯಾರೂ ಮುಟ್ಟಬ್ಯಾಡ್ರಿ. ನನ್ನ ಮಗ ಹಾಕಿದ್ದದು. ಇನ್ನಾ ಉಸರಾಡಾಕತ್ತದ.”

ನೀವು ಹೋದ ಮೇಲೆ ನಾನು ಗೊಳೋ ಎಂದು ಅತ್ತದ್ದು ಆಗಲೇ.

ಗುಳ್ಳೆ ನಿಂತ ಮೇಲೆ ನೀವು ಹೇಳುತ್ತಿದ್ದಂತೆ ಸೋಸಿದೆ. ಗಾಳಿಗೆ ಜಾಗವಿರದಂತೆ ಬಾಟಲಿಯ ಕುತ್ತಿಗೆಯವರೆಗೆ ತುಂಬಿ, ಬಿರಡೆಗೆ ಮೇಣ ಹಚ್ಚಿ, ನೀರಿನ ಕೊಡಗಳ ಹತ್ತಿರ ಹಸಿ ಮರಳಲ್ಲಿ ಹೂತಿಟ್ಟೆ. ಉಪ್ಪಿನ ಗಡಿಗೆಯನ್ನು ಅಟ್ಟಕ್ಕೇರಿಸಿದೆ. ನಿಮ್ಮ ತಾಯಿಯ ಮೇಲೆ ನನಗೆ ನಂಬಿಕೆ ಇದೆ, ಆದರೂ...

ನಿನ್ನೆ ಬೆಳಿಗ್ಗೆ ಒಳ್ಳೆಯ ಚಳಿ. ಬಾಟಲಿ ತೆಗೆದು ಬಿಸಿಲಿಗೆ ಹಿಡಿದೆ. ತಿಳಿಯಾದ ಜೇನಿನ ಬಣ್ಣ, ತಳದಲ್ಲಿ ಮಿಣಮಿಣ ಬಿಳಿ ಹರಳು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

“ದೇವರಾಣಿ ಮಾಡಿ ಹೇಳ್ತೀನವ್ವ, ಈ ಸಲ ನಾ ಉಪ್ಪು ಹಾಕಿಲ್ಲ!”

ಪಾಪ, ಅವರ ಕಣ್ಣು ತುಂಬಿಬಂದಿತ್ತು. ವೈನನ್ನು ಲೋಟಗಳಿಗೆ ಬಗ್ಗಿಸಿ, ಒಂದು ಹರಳು ತೆಗೆದು ಅವರ ನಾಲಿಗೆಯ ಮೇಲಿಟ್ಟೆ. ಮುಖ ಕಿವುಚಿದರು. “ಉಪ್ಪಲ್ಲ... ಹುಳಿ ಅದ!”

ಇಬ್ಬರೂ ಒಂದೊಂದು ಗುಟುಕು ಕುಡಿದೆವು. ಹೌದ್ರೀ, ನಾನೂ! ಒಗರಾಗಿ ನಾಲಿಗೆ ಹಿಡಿಯಿತು, ಆಮೇಲೆ ನಮ್ಮ ಚಪ್ಪರದ ಪರಿಮಳ ಬಂತು. ಅತ್ತೆ ಸಿಹಿ ಹುಡುಕುತ್ತಿದ್ದರು. “ಅಷ್ಟು ಸಿಹಿ ಹಣ್ಣು ಹಾಕಿದ್ನಲ್ಲವ್ವ ಅಂವ. ಆ ಸಕ್ರಿ ಎಲ್ಲಾ ಎಲ್ಲಿ ಹೋತು?”

“ಎಲ್ಲಿಗೂ ಹೋಗಿಲ್ರೀ ಅತ್ತಿ. ಬ್ಯಾರೆ ಆಗ್ಯಾದ.”

ಅವರು ಲೋಟ ಮುಂದೆ ಹಿಡಿದರು. “ಹಂಗಾದ್ರ ಇನ್ನೊಂದೀಟು ಹಾಕು.”

ಉಳಿದ ಹರಳುಗಳನ್ನು ನಿಮ್ಮ ಚಷ್ಮಾದ ಡಬ್ಬಿಯಲ್ಲಿಟ್ಟಿದ್ದೇನೆ. ನೋಡಬೇಕು ಅಂದಿದ್ದಿರಲ್ಲ, ನೋಡಿರಿ.

ನಿಮ್ಮ
ಹುಚ್ಚಿ