ಗ್ರಿಲ್‌ ಗೇಟಿನ ಕೀ

ಮಂಗಳವಾರ, ಆಗಸ್ಟ್ 12

ಸಾರಿ ಡೈರಿ, ನಾಳೆ ಭೂಗೋಳದ ಟೆಸ್ಟ್ ಇಟ್ಕೊಂಡು ನಿನ್ನ ಮುಂದೆ ಕೂತಿದ್ದೀನಿ. ಓದಿದ್ದು ತಲೆಗೆ ಹೋಗ್ತಿಲ್ಲ.

ಕ್ಲಾಸಿನಲ್ಲಿ ತೋರಿಸಿದ ಮ್ಯಾಪಿನಲ್ಲಿ ನಮ್ಮ ಜಿಲ್ಲೆ ಹಸಿರು, ಅಂದರೆ ಭೂಕಂಪದ ರಿಸ್ಕ್ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲವಲ್ಲ! ಹೋದ ವರ್ಷ ನಾನಿದ್ದ ಹಾಸ್ಟೆಲಿನಲ್ಲಿ ಆಗಾಗ ಭೂಕಂಪದ ಡ್ರಿಲ್ ಮಾಡಿಸುತ್ತಿದ್ದರು. ಮನೆಯಲ್ಲಿ ಅಪ್ಪ ಕಳ್ಳರ ಭಯಕ್ಕೆ ಗ್ರಿಲ್ಲಿಗೆ ಬೀಗ ಹಾಕಿ, ಕೀಯನ್ನು ದಿನಕ್ಕೊಂದು ಕಡೆ ಬಚ್ಚಿಡುತ್ತಾರೆ.

ಇವತ್ತು ಬೀಗ ಬಿದ್ದ ಮೇಲೆ ಬೇಕಂತಲೇ "ಭೂಕಂಪ! ಎಲ್ಲರೂ ಹೊರಗೆ!" ಅಂತ ಕೂಗಿದೆ. ಅಪ್ಪ ಓಡಿ ಬಂದು ಗ್ರಿಲ್ ಹಿಡಿದು ನಿಂತರು. ಕೀ ಎಲ್ಲಿಟ್ಟರೋ ಅವರಿಗೇ ನೆನಪಿಲ್ಲ! ಕೊನೆಗೆ ಸಕ್ಕರೆ ಡಬ್ಬಿಯಲ್ಲಿ ಅಮ್ಮನಿಗೆ ಸಿಕ್ಕಿತು.

ಮಂಚದ ಮೇಲಿಂದ ಅಜ್ಜಿ, "ನೀವು ಓಡ್ರಪ್ಪ. ನನ್ನ ಮೊಣಕಾಲು ಏಳೋ ಹೊತ್ತಿಗೆ ಭೂಮಿಗೇ ಸುಸ್ತಾಗಿರುತ್ತೆ," ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿ ಏಳೋದೇ ನಿಧಾನ, ಅದರ ಮೇಲೆ ಕೀ ಬೇರೆ ಹುಡುಕಬೇಕು.

ಆಮೇಲೆ ಅಪ್ಪ ಕೀಯನ್ನು ಮತ್ತೆ ಬೇರೆಲ್ಲೋ ಬಚ್ಚಿಟ್ಟರು. ಈಗ ಎಲ್ಲಿಟ್ಟಿದ್ದೀರಿ ಅಂತ ಕೇಳಿದರೆ, "ಹೇಳಿಬಿಟ್ಟರೆ ಬಚ್ಚಿಟ್ಟು ಏನು ಬಂತು ಮಗಳೇ?" ಅಂತ ಅಪ್ಪ ಮಲಗಿಬಿಟ್ಟರು.

ಫ್ಯಾನ್ ಅಲುಗಾಡಿದರೂ ಎದ್ದು ಕೂರುತ್ತಿದ್ದೇನೆ. ಬೇರೆ ಊರಿನಲ್ಲಿರುವ ಅಕ್ಕನಿಗೆ ಮೆಸೇಜ್ ಹಾಕಿದೆ: "ಅಕ್ಕಾ, ಅಪ್ಪ ನಿನ್ನ ಮಾತು ಮಾತ್ರ ಕೇಳ್ತಾರೆ. ಕೀನ ಅಜ್ಜಿ ಮಂಚದ ಪಕ್ಕದ ಮೊಳೆಗೆ ಹಾಕೋಕೆ ಹೇಳು. ಬೇಗ ರಿಪ್ಲೈ ಮಾಡು."