ನಾಲ್ಕನೆಯ ಚಿತ್ರ

ಮನೆಯಿಂದ,
ಹನ್ನೆರಡನೆಯ ತಾರೀಕು, ಭಾನುವಾರ ಮಧ್ಯಾಹ್ನ

ಅಕ್ಕಾ,

ಒಂದು ಮಾತನ್ನು ಬರೆಯದೇ ಬಿಡೋಣ ಎಂದುಕೊಂಡಿದ್ದೆ. ಅಮ್ಮನ ಕೈಗಳನ್ನು ನೋಡಿ ಇಪ್ಪತ್ತೆರಡು ಜನ ನಕ್ಕರು, ಅವರ ಜೊತೆ ನಾನೂ ನಕ್ಕೆ. ಅದನ್ನು ಮುಚ್ಚಿಟ್ಟು ನಿನ್ನ ತಪ್ಪನ್ನಷ್ಟೇ ಬರೆದಿದ್ದರೆ ಕಾಗದ ಚೊಕ್ಕಟವಾಗಿರುತ್ತಿತ್ತು. ಆದರೆ ಜಗಳಕ್ಕೆ ಕೂತವಳು ತನ್ನ ಪಾಲನ್ನು ಮೊದಲೇ ಒಪ್ಪಿಕೊಳ್ಳುವುದು ವಾಸಿ. ನಿನ್ನ ಬೆನ್ನುನೋವು ಹೇಗಿದೆ? ಭಾವನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಅಮ್ಮ ಚೆನ್ನಾಗಿದ್ದಾಳೆ, ಮೆಟ್ಟಿಲು ಕಂಡರೆ ಮಾತ್ರ ಮೊಣಕಾಲು ಮುನಿಸಿಕೊಳ್ಳುತ್ತದೆ. ಕುಶಲ ಇಲ್ಲಿಗೆ ಮುಗಿಯಿತು.

ನಿಮ್ಮ ಕಂಪನಿಯ ಎಲೆಬಳ್ಳಿ ಕಸೂತಿ ಕಿಟ್ಟನ್ನು ಕಳೆದ ವರ್ಷ ಅತಿ ಹೆಚ್ಚು ಮಾರಿದವರಲ್ಲಿ ನಾನೂ ಒಬ್ಬಳಂತೆ. ಮುಂದಿನ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಕಸೂತಿ ಪಾಠ ಹೇಳುವ ನನಗೆ ಅದೊಂದು ದೊಡ್ಡ ವಿಷಯವೇ. ಪೆಟ್ಟಿಗೆಯ ಮೇಲೆ ವಿನ್ಯಾಸಕಿ ಎಂದು ನಿನ್ನ ಹೆಸರಿತ್ತು, ಹೆಮ್ಮೆಯಿಂದಲೇ ಮಾರಿದೆ. ಬಳ್ಳಿ ಅಮ್ಮ ಹಾಕುವುದರಂತೆ ಇದೆಯಲ್ಲ ಎಂದು ಒಮ್ಮೆ ಅನ್ನಿಸಿತ್ತು. ಬಳ್ಳಿ ಯಾರಪ್ಪನ ಸ್ವತ್ತು, ಎಲ್ಲರೂ ಹಾಕುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತರಗತಿಯಲ್ಲಿ ಮಾತ್ರ ಎಲ್ಲರೂ ಕಿಟ್ಟಿನ ಸೂಚನೆಯ ಹಾಳೆಯಲ್ಲಿ ನಾಲ್ಕನೆಯ ಚಿತ್ರಕ್ಕೆ ಬಂದು ಎಡವುತ್ತಿದ್ದರು. ಹಾಳೆಯಲ್ಲಿ ಕೈ ಇಲ್ಲ, ಬರೀ ಸೂಜಿ, ದಾರ, ಒಂದು ಬಾಣದ ಗುರುತು. ಬಾಣ ಹೇಳಿದಂತೆ ದಾರ ಸುತ್ತಿದರೆ ಗಂಟು ಬಿಚ್ಚಿಹೋಗುತ್ತಿತ್ತು. ನಿವೃತ್ತ ನರ್ಸಮ್ಮ ಒಬ್ಬರು ನಾಲ್ಕು ಸಲ ಬಿಚ್ಚಿ, ನಾಲ್ಕು ಸಲ ಹಾಕಿ, “ಮೇಡಂ, ಈ ಚಿತ್ರಾನೇ ಉಲ್ಟಾ ಇದೆ ನೋಡಿ” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಎಲ್ಲರೆದುರೇ ಅಂದುಬಿಟ್ಟೆ. ಅವರು ಆಮೇಲೆ ಬರಲೇ ಇಲ್ಲ. ಅಮ್ಮನ ಪಕ್ಕ ಕೂತು ಅವಳಂತೆಯೇ ಎಡಗೈಯಲ್ಲಿ ಕಲಿತವಳಿಗೆ ಆ ಸುತ್ತು ಉಲ್ಟಾ ಎಂದು ಹೇಗೆ ಗೊತ್ತಾಗಬೇಕು?

ಬಹುಮಾನವಾಗಿ ನಮ್ಮನ್ನೆಲ್ಲ ಬಸ್ಸಿನಲ್ಲಿ ಕಾರ್ಖಾನೆ ನೋಡಲು ಕರೆದೊಯ್ದರು. ಕಾಗದದ ಟೋಪಿ, ಎದೆಗೆ ಬಿಲ್ಲೆ. ನೀನು ಅಂದು ರಜೆಯಂತೆ. ಬರುವವರ ಪಟ್ಟಿ ನೋಡಿಯೇ ರಜೆ ಹಾಕಿದೆಯೋ ಏನೋ, ನನಗೆ ಅನುಮಾನವಿದೆ. ಬಣ್ಣ ಕುದಿಯುವ ದೊಡ್ಡ ಹಂಡೆಗಳು, ಒದ್ದೆ ನೂಲಿನ ಲಡಿಗಳು, ಹಬೆಯಲ್ಲಿ ಎಲ್ಲರ ಕನ್ನಡಕವೂ ಮಸುಕು. ಅದು ಇಷ್ಟವಾಯಿತು, ಸುಳ್ಳೇಕೆ ಹೇಳಲಿ. ಪ್ಯಾಕಿಂಗ್ ಮೇಜಿನಲ್ಲಿ ಹೆಂಗಸರು ಆರು ಲಡಿ, ಒಂದು ಸೂಜಿ, ಒಂದು ಹಾಳೆ ಎಂದು ಪೆಟ್ಟಿಗೆ ತುಂಬುತ್ತಿದ್ದರು. ಅವರಲ್ಲೊಬ್ಬಳು ತಲೆ ಎತ್ತದೆಯೇ, “ನಾಲ್ಕನೇದು ನಮಗೂ ಬರಲ್ಲ ಕಣಮ್ಮಾ. ಮನೇಲಿ ಮಾಡಿ ನೋಡಿದೀವಿ. ಮೇಲಿನವರಿಗೆ ಹೇಳೋರು ಯಾರು?” ಎಂದಳು.

ಆಮೇಲೆ ಮಾದರಿಗಳ ಕೋಣೆ. ಗೋಡೆಯ ತುಂಬ ಒಂದೇ ಫೋಟೋ, ನನ್ನ ಎತ್ತರದ್ದು. ಮಾರಾಟದ ಸಾಹೇಬರು ಕೋಲಿನಿಂದ ತೋರಿಸುತ್ತ, “ಇದು ನಮ್ಮ ಡಿಸೈನರ್ ಮೇಡಂ ಅವರದೇ ಕೈ. ಈ ಫೋಟೋಗಳನ್ನಿಟ್ಟುಕೊಂಡೇ ಹಾಳೆಯ ಚಿತ್ರ ಬರೆಸಿದ್ದು” ಎಂದರು. ನಮ್ಮ ಗುಂಪಿನ ಅಂಗಡಿಯವನೊಬ್ಬ, “ಪಾಪ, ಎಷ್ಟು ದುಡಿಸ್ಕೊಂಡಿದೀರಿ ಸಾರ್, ಕೈಗೆ ಆಗ್ಲೇ ಎಪ್ಪತ್ತು ದಾಟಿದೆ” ಎಂದ. ಕೋಣೆಯೇ ನಕ್ಕಿತು. ನಕ್ಕು ಮುಗಿಯುವುದರೊಳಗೆ ಉಂಗುರದ ಬೆರಳಿನ ಆ ಎರಡಾಗಿ ಸೀಳಿದ ಉಗುರು ನನ್ನ ಕಣ್ಣಿಗೆ ಬಿತ್ತು. ಸೂಜಿ ಎಡಗೈಯಲ್ಲಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ನನಗೆ ಬೇಕಾಯಿತು. ಆದರೆ ಅಕ್ಕಾ, ನಿನಗೆ? ನಮ್ಮಿಬ್ಬರ ಜಡೆ ಹೆಣೆದ ಕೈ ಯಾವುದೆಂದು ನಿನಗೆ ಮರೆತೇಹೋಯಿತೇ? ಅಮ್ಮನ ಫೋಟೋ ನೋಡಿ ಬರೆದ ಬಾಣ ಬಲಗೈಯವರಿಗೆ ತಿರುಗಬೇಕು ಎನ್ನುವಷ್ಟೂ ಹೊಳೆಯಲಿಲ್ಲವೇ? ಹೊಳೆಯುವುದಾದರೂ ಹೇಗೆ, ನೀನು ಸೂಜಿಗೆ ದಾರ ಪೋಣಿಸಿದ್ದನ್ನು ಈ ಮನೆಯಲ್ಲಿ ಕಂಡವರಿಲ್ಲ. ಇಂಗ್ಲಿಷ್ ಶಾಲೆಯಿಂದ ಬಂದು ಅಮ್ಮನ ಕೆಲಸಕ್ಕೆ ಹಾಬಿ ಎಂದು ಹೆಸರಿಟ್ಟವರು ನಾವಿಬ್ಬರೂ, ಅದನ್ನೂ ಒಪ್ಪುತ್ತೇನೆ. ಆದರೆ ನಾನು ಅವಳ ಕೈಯನ್ನು ನನ್ನದೆಂದು ಹೇಳಿಕೊಳ್ಳಲಿಲ್ಲ.

ಎರಡು ವರ್ಷದ ಹಿಂದೆ ನೀನು ಬಂದು ನಾಲ್ಕು ದಿನ ಇದ್ದು, ಕಿಟಕಿಯ ಪಕ್ಕ ಅವಳನ್ನು ಕೂರಿಸಿ ಫೋಟೋ ತೆಗೆದೆ. “ನೆನಪಿಗೆ ಇರಲಿ ಅಮ್ಮಾ” ಎಂದೆ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಅಮ್ಮ ಇಂದಿಗೂ ಪಕ್ಕದ ಮನೆಯವರ ಹತ್ತಿರ, “ನನ್ನ ಮುಖ ಅಲ್ಲ, ಕೈ ಬೇಕು ಅಂದ್ಲು ದೊಡ್ಡವಳು. ಅಷ್ಟು ಪ್ರೀತಿ ಅವಳಿಗೆ” ಎನ್ನುತ್ತಾಳೆ. ನೀನು ಬಾರದ ಎರಡು ವರ್ಷವನ್ನು ಅವಳು ಆ ಒಂದು ಮಾತಿನ ಮೇಲೆ ನೂಕಿದ್ದಾಳೆ. ಅದಕ್ಕೇ ಬಸ್ಸಿನಿಂದ ಇಳಿದು ಬಂದವಳು ಅವಳಿಗೆ ಏನೂ ಹೇಳಲಿಲ್ಲ. ಸಾಹೇಬರಿಗೂ ಹೇಳಲಿಲ್ಲ. ನಾನು ಸುಮ್ಮನಿದ್ದದ್ದು ಅವಳಿಗಾಗಿಯೋ, ಬಹುಮಾನ ಪಡೆದ ನಾಚಿಕೆಗೋ, ಇನ್ನೂ ತಿಳಿದಿಲ್ಲ. ನಿನ್ನ ಮರ್ಯಾದೆಗಾಗಿ ಅಲ್ಲ ಎನ್ನುವುದಷ್ಟೇ ಖಂಡಿತ. ನೀನೇ ಬಂದು ಅವಳಿಗೆ ಹೇಳು. ನೀನೇ ಪೆಟ್ಟಿಗೆಯ ಮೇಲಿನ ಹೆಸರು ತೆಗೆಸು.

ಭಾವನಿಗೆ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಈಗ ಮನಸ್ಸು ಬರುತ್ತಿಲ್ಲ. ಬೆನ್ನುನೋವು ವಾಸಿಯಾಗಲಿ, ಅದನ್ನು ಮನಸಾರೆ ಬರೆಯಬಲ್ಲೆ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಕಾಗದ ಮುಚ್ಚುವಷ್ಟರಲ್ಲಿ, ಇಂದು ಸೋಮವಾರ, ಆದದ್ದು. ಕಂಪನಿಯವರು ಪ್ರವಾಸದ ಗುಂಪು ಫೋಟೋ ಕಳಿಸಿದ್ದರು. ಲಕೋಟೆ ಒಡೆದವಳು ಅಮ್ಮ. ನಾನೆಲ್ಲಿ ನಿಂತಿದ್ದೇನೆಂದು ಹುಡುಕುತ್ತ ನಮ್ಮ ತಲೆಗಳ ಹಿಂದೆ ತನ್ನ ಕೈಯನ್ನು ಕಂಡಳು. “ಅವಳ ಮನೇಲಿಟ್ಕೊಂಡಿದಾಳೆ ಅಂದ್ಕೊಂಡಿದ್ದೆ” ಎಂದಳು. ಎಲ್ಲ ಹೇಳಿದೆ. ಹೇಳುವಾಗ ಅವಳು ಕಿಟ್ಟಿನ ಹಾಳೆಯನ್ನೇ ನೋಡುತ್ತಿದ್ದಳು. ಕೊನೆಗೆ, “ಹೆಸರು ಹಾಳಾಗ್ಲಿ. ಇಷ್ಟು ಜನಕ್ಕೆ ತಪ್ಪು ಹೇಳ್ಕೊಟ್ಟ ಹಾಗಾಯ್ತಲ್ಲ ನಾನು. ನಡಿ, ಹೋಗಿ ತೋರಿಸ್ತೀನಿ” ಎಂದಳು. ಸಾಹೇಬರಿಗೆ ಫೋನ್ ಮಾಡಿ, ನಾಲ್ಕನೆಯ ಚಿತ್ರ ತಿದ್ದಬಲ್ಲ ಹಿರಿಯರೊಬ್ಬರನ್ನು ಕರೆತರುತ್ತೇನೆ ಎಂದೆ. ಇಪ್ಪತ್ತಮೂರು, ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಎಂದರು. ಡಿಸೈನರ್ ಮೇಡಂ ತಪ್ಪದೇ ಇರುತ್ತಾರಂತೆ. ಆ ಹಿರಿಯರು ಯಾರ ತಾಯಿ ಎಂದು ನಾನು ಹೇಳಿಲ್ಲ, ಅದನ್ನು ಅಲ್ಲಿ ನೀನೇ ಹೇಳಬೇಕು. ಕಾಗದ ನಿನ್ನನ್ನು ಮುಟ್ಟಲು ಎರಡು ದಿನ ಬೇಕು. ಇಂದೇ ಹಾಕಿದರೆ ನೀನು ಮತ್ತೆ ರಜೆ ಕೇಳುತ್ತೀಯ. ಇಪ್ಪತ್ತನೆಯ ತಾರೀಕು, ಮುಂದಿನ ಸೋಮವಾರ ಅಂಚೆಗೆ ಹಾಕುತ್ತೇನೆ.